ಹಣ್ಣು ಮುಖ್ಯವೋ ತರಕಾರಿಯೋ? ದಿನದ ಊಟವನ್ನು ಸರಿಪಡಿಸಿಕೊಳ್ಳಲು ಒಂದು ಸಮಗ್ರ ಮಾರ್ಗದರ್ಶಿ

ನಾಲ್ಕು ವರ್ಷದ ಹಿಂದೆ ಅಮ್ಮನಿಗೆ ಸಕ್ಕರೆ ಕಾಯಿಲೆ ಇದೆ ಎಂದು ಗೊತ್ತಾದಾಗ ಅವರು ಮೊದಲು ಮಾಡಿದ ಕೆಲಸವೆಂದರೆ ರಾತ್ರಿಯ ಅನ್ನ ಬಿಟ್ಟದ್ದು. ಅನ್ನದ ಬದಲು ಹಣ್ಣು ತಿನ್ನುತ್ತಿದ್ದರು: ಎರಡು ಸಪೋಟ, ಎರಡು ಏಲಕ್ಕಿ ಬಾಳೆ, ಒಂದು ಬಟ್ಟಲು ದ್ರಾಕ್ಷಿ. ಯಾರಾದರೂ ಕೇಳಿದರೆ, "ಹಣ್ಣು ತಿಂದರೆ ಏನಾಗುತ್ತದೆ, ದೇವರಿಗೆ ಇಡುವ ಪದಾರ್ಥ" ಎನ್ನುತ್ತಿದ್ದರು. ಮೂರು ತಿಂಗಳ ನಂತರದ ರಕ್ತ ಪರೀಕ್ಷೆಯಲ್ಲಿ ಸಕ್ಕರೆ ಇಳಿಯುವ ಬದಲು ಏರಿತ್ತು. ಅನ್ನ ಬಿಟ್ಟು ಇಷ್ಟು ಕಷ್ಟಪಟ್ಟೆನಲ್ಲ ಎಂದು ಅಮ್ಮ ಅತ್ತೇಬಿಟ್ಟರು. ಅವರ ಶ್ರದ್ಧೆಯಲ್ಲಿ ಏನೂ ಕೊರತೆಯಿರಲಿಲ್ಲ, ಯಾವುದು ಎಷ್ಟು ಎಂದು ಯಾರೂ ಅವರಿಗೆ ಬಿಡಿಸಿ ಹೇಳಿರಲಿಲ್ಲ. ಅಂದಿನಿಂದ ನಮ್ಮ ಮನೆಯ ಅಡುಗೆಯನ್ನು ಹೆಜ್ಜೆ ಹೆಜ್ಜೆಯಾಗಿ ಬದಲಿಸಿಕೊಂಡೆವು. ಹಾಗೆ ಕಲಿತದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಪ್ರಶ್ನೆಗೆ ನೇರ ಉತ್ತರ. ಹಣ್ಣು, ತರಕಾರಿ ಎರಡೂ ಬೇಕು. ಆದರೆ ಇವೆರಡು ಸಮ ಪಾಲಿನವಲ್ಲ. ನಾಲ್ಕು ಪಾಲು ತರಕಾರಿಗೆ ಒಂದು ಪಾಲು ಹಣ್ಣು ಎಂದು ಲೆಕ್ಕವಿಟ್ಟುಕೊಳ್ಳಿ. ಇದು ನನ್ನ ಊಹೆಯಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಭಾರತೀಯರಿಗಾಗಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ, ದಿನಕ್ಕೆ 2000 ಕಿಲೋಕ್ಯಾಲೊರಿ ಬೇಕಾಗುವ ವ್ಯಕ್ತಿಗೆ 400 ಗ್ರಾಂ ತರಕಾರಿ ಮತ್ತು 100 ಗ್ರಾಂ ಹಣ್ಣು ಎಂದಿದೆ. ಅದೇ ತಟ್ಟೆಯಲ್ಲಿ ಧಾನ್ಯಕ್ಕೆ 250 ಗ್ರಾಂ, ಬೇಳೆಕಾಳಿಗೆ 85 ಗ್ರಾಂ. ಅಕ್ಕಿ, ರಾಗಿ, ಜೋಳ, ಗೋಧಿ ಎಲ್ಲ ಸೇರಿದರೂ ತರಕಾರಿಗಿಂತ ಕಡಿಮೆ! ನಮ್ಮ ಎಷ್ಟು ಮನೆಗಳಲ್ಲಿ ಹೀಗಿದೆ? ಅನ್ನದ ಗುಡ್ಡೆಯ ಪಕ್ಕದಲ್ಲಿ ಎರಡು ಚಮಚ ಪಲ್ಯ ಹಾಕಿಕೊಂಡು ತರಕಾರಿ ತಿಂದೆವು ಎಂದುಕೊಳ್ಳುತ್ತೇವೆ.

ತರಕಾರಿಗೆ ಹೆಚ್ಚು ಜಾಗ ಏಕೆ ಎಂಬುದಕ್ಕೆ ಕಾರಣ ಸರಳ. 100 ಗ್ರಾಂ ದ್ರಾಕ್ಷಿಯಲ್ಲಿ ಸುಮಾರು 15 ಗ್ರಾಂ ಸಕ್ಕರೆ ಇರುತ್ತದೆ. ಅಷ್ಟೇ ಸೌತೆಕಾಯಿಯಲ್ಲಿ 2 ಗ್ರಾಂ ಕೂಡ ಇರುವುದಿಲ್ಲ. ನಾರು, ಫೋಲೇಟ್, ಪೊಟ್ಯಾಸಿಯಂ, ಸುಣ್ಣದ ಅಂಶಗಳನ್ನು ಅಷ್ಟು ಕಡಿಮೆ ಸಕ್ಕರೆಯೊಂದಿಗೆ ಕೊಡುವುದು ಸೊಪ್ಪು ತರಕಾರಿಗಳು. ಹಾಗೆಂದು ಹಣ್ಣನ್ನು ಕೈಬಿಡುವಂತಿಲ್ಲ. 'ಸಿ' ಜೀವಸತ್ವ ಬಿಸಿಗೆ ನಾಶವಾಗುತ್ತದೆ, ನೀರಿನಲ್ಲಿ ಕರಗಿ ಹೋಗುತ್ತದೆ. ಹಣ್ಣನ್ನು ಹಸಿಯಾಗಿಯೇ ತಿನ್ನುವುದರಿಂದ ಅದು ಪೂರ್ತಿಯಾಗಿ ನಮಗೆ ಸಿಗುತ್ತದೆ.

ಮೊದಲ ಹೆಜ್ಜೆ: ಮೂರು ದಿನ ತೂಗಿ ನೋಡಿ

ಏನನ್ನೂ ಬದಲಿಸುವ ಮೊದಲು, ಈಗ ಎಷ್ಟು ತಿನ್ನುತ್ತಿದ್ದೇವೆ ಎಂದು ತಿಳಿಯಬೇಕು. ಅಡುಗೆಮನೆಯ ಚಿಕ್ಕ ತಕ್ಕಡಿ ಇದ್ದರೆ ಸಾಕು. ಸಿಪ್ಪೆ, ತೊಟ್ಟು, ದಂಟಿನ ಬುಡ ತೆಗೆದ ಮೇಲೆ, ಬೇಯಿಸುವ ಮೊದಲು ತೂಗಿ ಒಂದು ಚೀಟಿಯಲ್ಲಿ ಬರೆದಿಡಿ. ದಿನದ ಕೊನೆಗೆ ಕೂಡಿಸಿ ಮನೆಮಂದಿಯ ಸಂಖ್ಯೆಯಿಂದ ಭಾಗಿಸಿ.

ನಮ್ಮ ಮನೆಯಲ್ಲಿ ನಾಲ್ಕು ಜನ. ನಾನು, ನನ್ನ ಹೆಂಡತಿ, ಅಮ್ಮ, ಹೈಸ್ಕೂಲಿಗೆ ಹೋಗುವ ಮಗಳು. ಸೋಮವಾರ 610 ಗ್ರಾಂ, ಮಂಗಳವಾರ 480, ಬುಧವಾರ 550. ತಲೆಗೆ 137 ಗ್ರಾಂ ಬಂತು. ದಿನವೂ ಹುಳಿ, ದಿನವೂ ಪಲ್ಯ ಮಾಡುವ ಮನೆ ನಮ್ಮದು! ಆ ಚೀಟಿಯನ್ನು ನಾನೂ ನನ್ನ ಹೆಂಡತಿಯೂ ಎರಡೆರಡು ಸಲ ಕೂಡಿಸಿ ನೋಡಿದೆವು.

ತೂಗುವಾಗ ಎರಡು ಎಚ್ಚರಿಕೆ. ಆಲೂಗಡ್ಡೆ, ಗೆಣಸು, ಮರಗೆಣಸನ್ನು ತರಕಾರಿಯ ಲೆಕ್ಕಕ್ಕೆ ಸೇರಿಸಬೇಡಿ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು ತರಕಾರಿ ತಿನ್ನಿ ಎಂದು ಹೇಳುವಾಗ ಇವನ್ನು ಹೊರಗಿಟ್ಟಿದೆ, ಏಕೆಂದರೆ ಇವುಗಳಲ್ಲಿ ಪಿಷ್ಟವೇ ಹೆಚ್ಚು. ಆಲೂಗಡ್ಡೆ ಪಲ್ಯದ ದಿನ ಅನ್ನ ಅಥವಾ ಚಪಾತಿಯನ್ನು ಅಷ್ಟು ಕಡಿಮೆ ಮಾಡಿಕೊಳ್ಳಿ. ಎರಡನೆಯದು ಉಪ್ಪಿನಕಾಯಿ. ಅದರಲ್ಲಿ ಮಾವಿನಕಾಯಿ ಇದ್ದರೂ ನಮಗೆ ಸೇರುವುದು ಉಪ್ಪು. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಎಂಬ ಮಿತಿಯನ್ನು ದಾಟಿಸುವುದರಲ್ಲಿ ಅದರ ಪಾಲು ದೊಡ್ಡದು.

ಎರಡನೆಯ ಹೆಜ್ಜೆ: ವಾರದ ಸಂತೆಯ ಲೆಕ್ಕ

ಮನೆಯಲ್ಲಿ ಇಲ್ಲದ್ದು ತಟ್ಟೆಗೆ ಬರುವುದಿಲ್ಲ. ನಾಲ್ಕು ಜನರ ಮನೆಗೆ ವಾರಕ್ಕೆ 11 ಕಿಲೋ ತರಕಾರಿ, 3 ಕಿಲೋ ಹಣ್ಣು ಬೇಕು. ಸಿಪ್ಪೆ ತೊಟ್ಟಿನ ತೂಕ ಸೇರಿಸಿದರೆ ತರಕಾರಿ 13 ಕಿಲೋ ಆದೀತು. ಇಷ್ಟನ್ನು ಒಂದೇ ದಿನ ತರಬೇಡಿ. ಗಟ್ಟಿ ತರಕಾರಿಯನ್ನು ವಾರಕ್ಕೊಮ್ಮೆ, ಸೊಪ್ಪನ್ನು ಎರಡು ಮೂರು ದಿನಕ್ಕೊಮ್ಮೆ ತನ್ನಿ. ಬೆಂಗಳೂರು, ಮೈಸೂರಿನವರಿಗೆ ಹಾಪ್‌ಕಾಮ್ಸ್ ಮಳಿಗೆ ಇದೆ, ಉಳಿದ ಊರುಗಳಲ್ಲಿ ವಾರದ ಸಂತೆ ಇದೆ, ಬೀದಿಯಲ್ಲಿ ಕೂಗಿಕೊಂಡು ಬರುವ ಸೊಪ್ಪಿನ ಅಜ್ಜಿ ಇದ್ದಾರೆ. ಬೆಳಿಗ್ಗೆ ಕಿತ್ತು ತಂದ ಸೊಪ್ಪು ಅಜ್ಜಿಯ ಬುಟ್ಟಿಯಲ್ಲಿ ಇರುವಷ್ಟು ತಾಜಾ ಆಗಿ ಬೇರೆಲ್ಲೂ ಸಿಗುವುದು ಕಷ್ಟ. ದಯವಿಟ್ಟು ಅವರೊಡನೆ ಎರಡು ರೂಪಾಯಿಗೆ ಚೌಕಾಸಿ ಮಾಡಬೇಡಿ.

ಚೀಲವನ್ನು ನಾಲ್ಕು ಗುಂಪಿನಲ್ಲಿ ಯೋಚಿಸಿದರೆ ಸುಲಭ. ಸೊಪ್ಪು (ದಂಟು, ಹರಿವೆ, ಮೆಂತ್ಯ, ಸಬ್ಬಸಿಗೆ, ಚಕ್ಕೋತ, ಬಸಳೆ, ನುಗ್ಗೆ), ಕಾಯಿ (ಹುರುಳಿಕಾಯಿ, ಬೆಂಡೆ, ಬದನೆ, ಹೀರೆ, ಪಡವಲ, ಸೋರೆ, ತೊಂಡೆ, ಗೋರಿಕಾಯಿ), ಕೆಂಪು ಮತ್ತು ಕಿತ್ತಳೆ ಬಣ್ಣದವು (ಗಜ್ಜರಿ, ಸಿಹಿಗುಂಬಳ, ಟೊಮೆಟೊ, ಬೀಟ್‌ರೂಟ್), ಮತ್ತು ಹಸಿಯಾಗಿ ತಿನ್ನುವವು (ಸೌತೆ, ಮೂಲಂಗಿ, ಈರುಳ್ಳಿ). ಪ್ರತಿ ವಾರ ನಾಲ್ಕೂ ಗುಂಪಿನಿಂದ ಒಂದಷ್ಟು ಬಂದರೆ ಪೋಷಕಾಂಶಗಳ ಪಟ್ಟಿಯನ್ನು ಬಾಯಿಪಾಠ ಮಾಡುವ ಅಗತ್ಯವಿಲ್ಲ. 400 ಗ್ರಾಂನಲ್ಲಿ 100 ಗ್ರಾಂ ಸೊಪ್ಪೇ ಆಗಿರಲಿ.

ಕಾಲಕ್ಕೆ ತಕ್ಕದ್ದನ್ನು ಕೊಂಡರೆ ಜೇಬಿಗೂ ಹಗುರ. ಚಳಿಗಾಲದಲ್ಲಿ ಗಜ್ಜರಿ, ಹೂಕೋಸು, ಸೀಬೆ, ಕೊಡಗಿನ ಕಿತ್ತಳೆ. ಬೇಸಿಗೆಯಲ್ಲಿ ಸೌತೆ, ಬೂದುಗುಂಬಳ, ಕಲ್ಲಂಗಡಿ, ಆಮೇಲೆ ಮಾವು. ಮಳೆ ಹಿಡಿಯುವ ಹೊತ್ತಿಗೆ ನೇರಳೆ, ಅದರ ಬೆನ್ನಿಗೆ ಸೀತಾಫಲ. ದೂರದ ದೇಶದಿಂದ ಮೇಣ ಬಳಿದು ಬರುವ ಸೇಬಿಗೆ ಕೊಡುವ ಹಣದಲ್ಲಿ ಅದಕ್ಕಿಂತ ಎಷ್ಟೋ ಪಟ್ಟು 'ಸಿ' ಜೀವಸತ್ವವಿರುವ ಸೀಬೆಯನ್ನು ಮನೆಮಂದಿಗೆಲ್ಲ ತರಬಹುದು. ಸೀಬೆಯ 100 ಗ್ರಾಂನಲ್ಲಿ 200 ಮಿಲಿಗ್ರಾಂನಷ್ಟು 'ಸಿ' ಇರುತ್ತದೆ, ಕಿತ್ತಳೆಯಲ್ಲಿ ಸುಮಾರು 50. ರೋಗಿಯನ್ನು ನೋಡಲು ಹೋಗುವಾಗ ಸೇಬು ಒಯ್ಯುವ ರೂಢಿ ನಮ್ಮಲ್ಲಿ ಬೇರೂರಿದೆ. ನಾನು ಈಗ ಸೀಬೆ ಅಥವಾ ಮೂಸಂಬಿ ಒಯ್ಯುತ್ತೇನೆ.

ಮಾವು ಕೊಳ್ಳುವಾಗ ಒಂದು ಮಾತು. ಕ್ಯಾಲ್ಸಿಯಂ ಕಾರ್ಬೈಡ್ ಬಳಸಿ ಹಣ್ಣು ಮಾಡುವುದನ್ನು ಆಹಾರ ಸುರಕ್ಷತಾ ನಿಯಮಗಳು ನಿಷೇಧಿಸಿವೆ. ಎಥಿಲೀನ್ ಅನಿಲವನ್ನು ಮಿತಿಯೊಳಗೆ ಬಳಸಲು ಅನುಮತಿ ಇದೆ. ಮೇಲೆಲ್ಲ ಒಂದೇ ಸಮನೆ ಹಳದಿಯಾಗಿದ್ದು ಪರಿಮಳವೇ ಇಲ್ಲದ, ಒತ್ತಿದರೆ ಗಟ್ಟಿಯಾಗಿರುವ ಹಣ್ಣನ್ನು ಬಿಟ್ಟುಬಿಡಿ. ಬಲಿತ ಕಾಯಿ ತಂದು ಮನೆಯಲ್ಲಿ ಹುಲ್ಲಿನಲ್ಲಿಯೋ ಅಕ್ಕಿ ಡಬ್ಬಿಯಲ್ಲಿಯೋ ಅಡೆಹಾಕುವುದು ಇನ್ನೂ ಒಳ್ಳೆಯದು.

ಮೂರನೆಯ ಹೆಜ್ಜೆ: ತೊಳೆಯುವುದು, ಇಡುವುದು

ಸೊಪ್ಪು ತಿನ್ನದ ಮನೆಗಳಲ್ಲಿ ಕೇಳಿ ನೋಡಿ, ರುಚಿ ಹಿಡಿಸುವುದಿಲ್ಲ ಎನ್ನುವವರು ಕಡಿಮೆ. ಬಿಡಿಸುವವರು ಯಾರು ಎಂಬುದೇ ತಕರಾರು. ಇದನ್ನು ಒಬ್ಬರ ತಲೆಗೆ ಕಟ್ಟಬೇಡಿ. ನಮ್ಮಲ್ಲಿ ರಾತ್ರಿ ಊಟವಾದ ಮೇಲೆ ಎಲ್ಲರೂ ಸುತ್ತ ಕುಳಿತು ಇಪ್ಪತ್ತು ನಿಮಿಷ ಸೊಪ್ಪು ಬಿಡಿಸುತ್ತೇವೆ. ಮೆಂತ್ಯದ ಎಲೆ ಬಿಡಿಸುತ್ತ ಮಗಳು ಶಾಲೆಯ ಸುದ್ದಿ ಹೇಳುತ್ತಾಳೆ. ತಾನು ಬಿಡಿಸಿದ ಸೊಪ್ಪಿನ ರೊಟ್ಟಿಯನ್ನು ಅವಳು ಬೇಡ ಎಂದದ್ದನ್ನು ನಾನು ಕಂಡಿಲ್ಲ.

ಬಿಡಿಸಿದ ಸೊಪ್ಪನ್ನು ತೊಳೆಯದೆ, ಒಣ ಹತ್ತಿ ಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನಲ್ಲಿಡಿ. ಅಡುಗೆ ಮಾಡುವ ಮುನ್ನ ತೊಳೆಯಿರಿ. ಅಗಲವಾದ ಪಾತ್ರೆಯ ತುಂಬ ನೀರು ಹಿಡಿದು ಸೊಪ್ಪನ್ನು ಮುಳುಗಿಸಿ, ಕೈಯಾಡಿಸಿ, ಎರಡು ನಿಮಿಷ ಬಿಡಿ. ಮಣ್ಣು ತಳಕ್ಕಿಳಿಯುತ್ತದೆ. ಆಗ ನೀರನ್ನು ಬಗ್ಗಿಸಬಾರದು. ಬಗ್ಗಿಸಿದರೆ ಇಳಿದ ಮಣ್ಣೆಲ್ಲ ಮತ್ತೆ ಎಲೆಗೆ ಮೆತ್ತಿಕೊಳ್ಳುತ್ತದೆ. ಎರಡೂ ಕೈಯಿಂದ ಸೊಪ್ಪನ್ನು ಮೇಲೆತ್ತಿ ಇನ್ನೊಂದು ಪಾತ್ರೆಗೆ ಹಾಕಿ, ಆಮೇಲೆ ನೀರು ಚೆಲ್ಲಿ. ತಳದಲ್ಲಿ ಮರಳು ಕಾಣದಾಗುವವರೆಗೆ, ಸಾಮಾನ್ಯವಾಗಿ ಮೂರು ಸಲ, ಹೀಗೆ ಮಾಡಿ. ಹೆಚ್ಚುವುದು ಇದಾದ ಮೇಲೆಯೇ. ಹೆಚ್ಚಿ ತೊಳೆದರೆ ನೀರಿನಲ್ಲಿ ಕರಗುವ ಜೀವಸತ್ವಗಳು ಚರಂಡಿಗೆ ಹೋಗುತ್ತವೆ.

ಕಾಯಿ, ಹಣ್ಣುಗಳನ್ನು ಹರಿಯುವ ನೀರಿನಲ್ಲಿ ಕೈಯಿಂದ ಉಜ್ಜಿ ತೊಳೆದರೆ ಸಾಕು. ಸೋಪು, ಪಾತ್ರೆ ತೊಳೆಯುವ ದ್ರವ ಬೇಡ. ಬಾಳೆಹಣ್ಣನ್ನು ಫ್ರಿಜ್ಜಿನಲ್ಲಿಡಬೇಡಿ, ಬೇರೆ ಹಣ್ಣು ಕಾಯಿಗಳ ಪಕ್ಕದಲ್ಲಿಯೂ ಇಡಬೇಡಿ. ಅದು ಹೊರಸೂಸುವ ಎಥಿಲೀನ್ ಉಳಿದವನ್ನೂ ಬೇಗ ಹಣ್ಣಾಗಿಸುತ್ತದೆ. ಈರುಳ್ಳಿಯ ಬುಟ್ಟಿ ಬೇರೆ, ಆಲೂಗಡ್ಡೆಯ ಬುಟ್ಟಿ ಬೇರೆ ಇರಲಿ.

ನಾಲ್ಕನೆಯ ಹೆಜ್ಜೆ: ಬೇಯಿಸುವ ಕ್ರಮ

ಹೆಚ್ಚು ನೀರಿನಲ್ಲಿ ಬೇಯಿಸಿ ಆ ನೀರನ್ನು ಚೆಲ್ಲುವುದು ತರಕಾರಿಗೆ ಮಾಡುವ ದೊಡ್ಡ ಅನ್ಯಾಯ. ಹಸಿರು ಬಣ್ಣ ಉಳಿಯಲೆಂದು ಅಡುಗೆ ಸೋಡಾ ಹಾಕುವುದು ಇನ್ನೊಂದು. ಸೋಡಾ 'ಸಿ' ಮತ್ತು 'ಬಿ1' ಜೀವಸತ್ವಗಳನ್ನು ಹಾಳುಮಾಡುತ್ತದೆ. ನಮ್ಮ ಹಳೇ ಮೈಸೂರು ಕಡೆಯ ಬಸ್ಸಾರನ್ನು ನೋಡಿದಾಗಲೆಲ್ಲ, ಇದನ್ನು ಮೊದಲು ಮಾಡಿದ ತಾಯಿ ಯಾರೋ ಎಂದು ಮನಸ್ಸಿನಲ್ಲೇ ಕೈಮುಗಿಯುತ್ತೇನೆ. ಸೊಪ್ಪಿನ ಒಂದು ಹನಿಯೂ ವ್ಯರ್ಥವಾಗದ ಅಡುಗೆ ಅದು.

ನಾಲ್ಕು ಜನರಿಗೆ 400 ಗ್ರಾಂ ದಂಟಿನ ಸೊಪ್ಪು, ಒಂದು ಲೋಟ ನೆನೆದ ಹೆಸರುಕಾಳು. ಕಾಳನ್ನು ಮೊದಲು ಬೇಯಲಿಡಿ. ಬೆರಳಲ್ಲಿ ಒತ್ತಿದರೆ ಹಿಸುಕುವ ಹದಕ್ಕೆ ಬಂದಾಗ ಹೆಚ್ಚಿದ ಸೊಪ್ಪು, ಚಿಟಿಕೆ ಉಪ್ಪು ಹಾಕಿ. ಆರೇಳು ನಿಮಿಷ ಸಾಕು, ಎಲೆ ಮೆತ್ತಗಾಗಬೇಕು, ಕರಗಬಾರದು. ತೂತಿನ ಪಾತ್ರೆಯಲ್ಲಿ ಬಸಿಯಿರಿ. ಕೆಳಗೆ ಇಳಿದ ಹಸಿರು ಕಟ್ಟಿನಲ್ಲಿಯೇ ಕರಗಿ ಬಂದ ಫೋಲೇಟ್, ಪೊಟ್ಯಾಸಿಯಂ ಎಲ್ಲ ಇರುವುದು. ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಕಾಳುಮೆಣಸು, ಬ್ಯಾಡಗಿ ಮೆಣಸಿನಕಾಯಿಯನ್ನು ಎಣ್ಣೆಯಲ್ಲಿ ಹುರಿದು, ತೆಂಗಿನತುರಿ, ಹುಣಸೆ, ಒಂದು ಹಿಡಿ ಬೆಂದ ಸೊಪ್ಪುಕಾಳಿನ ಜೊತೆ ನುಣ್ಣಗೆ ರುಬ್ಬಿ. ಇದನ್ನು ಕಟ್ಟಿಗೆ ಬೆರೆಸಿ ಕುದಿಸಿದರೆ ಸಾರು. ಉಳಿದ ಸೊಪ್ಪುಕಾಳಿಗೆ ಸಾಸಿವೆ, ಈರುಳ್ಳಿ, ಹಸಿಮೆಣಸಿನಕಾಯಿ ಒಗ್ಗರಣೆ ಕೊಟ್ಟು ಕಾಯಿತುರಿ ಉದುರಿಸಿದರೆ ಪಲ್ಯ. ಇಳಿಸಿದ ಮೇಲೆ ಅರ್ಧ ನಿಂಬೆಹಣ್ಣು ಹಿಂಡಿ. ಸೊಪ್ಪಿನ ಕಬ್ಬಿಣವನ್ನು ದೇಹ ಹೀರಿಕೊಳ್ಳಲು ನಿಂಬೆಯ 'ಸಿ' ನೆರವಾಗುತ್ತದೆ. ಒಗ್ಗರಣೆಯ ಎಣ್ಣೆಗೂ ಕೆಲಸವಿದೆ, 'ಎ' ಜೀವಸತ್ವವಾಗಿ ಮಾರ್ಪಡುವ ಕ್ಯಾರೊಟಿನ್ ಕೊಬ್ಬಿನ ಜೊತೆ ಸೇರಿದರೆ ಮಾತ್ರ ಚೆನ್ನಾಗಿ ಹೀರಿಕೆಯಾಗುತ್ತದೆ. ಊಟ ಮುಗಿಸಿದ ಕೂಡಲೇ ಕಾಫಿ, ಟೀ ಕುಡಿಯಬೇಡಿ, ಅವು ಕಬ್ಬಿಣಕ್ಕೆ ಅಡ್ಡಿ. ಒಂದು ಗಂಟೆ ತಾಳಿ.

ಬಸ್ಸಾರು ಗೊತ್ತಿಲ್ಲದ ಕಡೆಯವರಿಗೆ ಅವರದೇ ಅಡುಗೆ ಇದೆ. ಮಲೆನಾಡಿನ ದೊಡ್ಡಪತ್ರೆ, ಒಂದೆಲಗದ ತಂಬುಳಿ. ಕರಾವಳಿಯ ಬಸಳೆ ಹುಳಿ, ಪತ್ರೊಡೆ. ಉತ್ತರ ಕರ್ನಾಟಕದ ಪುಂಡಿ ಪಲ್ಯ. ಜೋಳದ ರೊಟ್ಟಿಯ ಜೊತೆ ಹಸಿ ಮೆಂತ್ಯ, ಹಕ್ಕರಕಿ, ಸೌತೆಕಾಯಿ, ಗಜ್ಜರಿ, ಈರುಳ್ಳಿಯನ್ನು ತಟ್ಟೆಗೆ ಇಟ್ಟುಕೊಳ್ಳುವ ಧಾರವಾಡ, ವಿಜಯಪುರದ ಕ್ರಮವನ್ನು ರಾಜ್ಯದ ಉಳಿದವರೂ ಕಲಿಯಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಪತ್ರೊಡೆಯ ಕೆಸುವಿಗೆ ಮಾತ್ರ ಹುಣಸೆ ಬೇಕೇ ಬೇಕು, ಚೆನ್ನಾಗಿ ಬೇಯಲೂ ಬೇಕು. ಇಲ್ಲವಾದರೆ ಎಲೆಯಲ್ಲಿರುವ ಆಕ್ಸಲೇಟ್ ಎಂಬ ಲವಣದ ಸೂಜಿಯಂಥ ಹರಳುಗಳು ಗಂಟಲು ಕೆರೆಸುತ್ತವೆ.

ಐದನೆಯ ಹೆಜ್ಜೆ: 400 ಗ್ರಾಂ ಅನ್ನು ದಿನಕ್ಕೆ ಹಂಚುವುದು

ಒಂದೇ ಊಟದಲ್ಲಿ ಇಷ್ಟನ್ನು ತಿನ್ನಲಾಗದು. ಬೆಳಿಗ್ಗೆ 75, ಮಧ್ಯಾಹ್ನ 175, ಸಂಜೆ 50, ರಾತ್ರಿ 100 ಎಂದು ನಾವು ಹಂಚಿಕೊಂಡೆವು.

ಕಷ್ಟವಾದದ್ದು ಬೆಳಗಿನ ಹೊತ್ತು. ಇಡ್ಲಿ, ದೋಸೆ, ಚಿತ್ರಾನ್ನ, ಅವಲಕ್ಕಿ ಎಲ್ಲ ಧಾನ್ಯವೇ. ಉಪ್ಪಿಟ್ಟಿಗೆ ಒಂದು ಲೋಟ ರವೆಗೆ ಒಂದೂವರೆ ಲೋಟ ಹೆಚ್ಚಿದ ಹುರುಳಿಕಾಯಿ, ಗಜ್ಜರಿ, ಬಟಾಣಿ ಹಾಕಲು ಶುರುಮಾಡಿದೆವು. ಅಕ್ಕಿರೊಟ್ಟಿಯ ಹಿಟ್ಟಿಗೆ ಸಬ್ಬಸಿಗೆ, ತುರಿದ ಸೋರೆಕಾಯಿ. ರಾಗಿರೊಟ್ಟಿಗೆ ನುಗ್ಗೆಸೊಪ್ಪು. ಇಡ್ಲಿಯ ದಿನ ಕಾಯಿಚಟ್ನಿಯ ಬದಲು ಹೀರೆಕಾಯಿ ಸಿಪ್ಪೆಯ ಚಟ್ನಿ, ಜೊತೆಗೆ ತರಕಾರಿ ದಪ್ಪನಾಗಿರುವ ಸಾಂಬಾರು.

ಮಧ್ಯಾಹ್ನ ಒಂದು ಕ್ರಮ ಪಾಲಿಸಿ: ಅನ್ನಕ್ಕೆ ಮೊದಲು ಪಲ್ಯ ಮತ್ತು ಕೋಸಂಬರಿಯನ್ನು ಬಡಿಸಿ. ಬಾಳೆಎಲೆಯ ಊಟದಲ್ಲಿ ಹೀಗೆಯೇ ಮಾಡುತ್ತೇವಲ್ಲ! ಎಲೆಯ ಮೇಲ್ತುದಿಗೆ ಕೋಸಂಬರಿ, ಪಲ್ಯ, ಗೊಜ್ಜು ಬಂದ ಮೇಲೆಯೇ ಅನ್ನ ಬರುವುದು. ಹಸಿವು ಚುರುಕಾಗಿರುವಾಗ ತರಕಾರಿ ಕಣ್ಣೆದುರಿಗಿದ್ದರೆ ಅದು ಮೊದಲು ಹೊಟ್ಟೆಗೆ ಹೋಗುತ್ತದೆ, ಅನ್ನ ತಾನಾಗಿ ಕಡಿಮೆಯಾಗುತ್ತದೆ. ಕೋಸಂಬರಿಯನ್ನು ರಾಮನವಮಿಗೆ ಮೀಸಲಿಡಬೇಡಿ. ನೆನೆದ ಹೆಸರುಬೇಳೆ ಒಂದು ಹಿಡಿ, ಸೌತೆಕಾಯಿ ಎರಡು, ನಿಂಬೆ, ಕೊತ್ತಂಬರಿ. ಉಪ್ಪನ್ನು ಬಡಿಸುವ ಹೊತ್ತಿಗೆ ಹಾಕಿದರೆ ನೀರು ಬಿಡುವುದಿಲ್ಲ.

ಸಂಜೆಯ 50 ಗ್ರಾಂಗೆ ಹೆಚ್ಚಿದ ಸೌತೆ ಅಥವಾ ಗಜ್ಜರಿ. ರಾತ್ರಿಗೆ ಮಧ್ಯಾಹ್ನದ ಪಲ್ಯವೇ ಉಳಿದಿರುವಂತೆ ನೋಡಿಕೊಳ್ಳಿ, ಇಲ್ಲವೇ ಮಸ್ಸೊಪ್ಪು ಮಾಡಿ ಮುದ್ದೆಯ ಜೊತೆ ಉಣ್ಣಿ.

ಆರನೆಯ ಹೆಜ್ಜೆ: ಹಣ್ಣಿನ ಜಾಗ

100 ಗ್ರಾಂ ಎಂದರೆ ಒಂದು ಮಧ್ಯಮ ಗಾತ್ರದ ಸೀಬೆ, ಅಥವಾ ಎರಡು ಏಲಕ್ಕಿ ಬಾಳೆ, ಅಥವಾ ಒಂದು ಸಣ್ಣ ಬಟ್ಟಲು ಪರಂಗಿ ಹೋಳು. ಅದನ್ನು ಹಣ್ಣಾಗಿಯೇ ತಿನ್ನಿ, ರಸ ಮಾಡಬೇಡಿ. ಒಂದು ಲೋಟ ಕಿತ್ತಳೆ ರಸಕ್ಕೆ ಮೂರು ನಾಲ್ಕು ಹಣ್ಣು ಬೇಕು. ಅಷ್ಟು ಹಣ್ಣನ್ನು ಅಗಿದು ತಿನ್ನಲು ಕಾಲು ಗಂಟೆ ಹಿಡಿಯುತ್ತದೆ, ರಸವನ್ನು ಒಂದು ನಿಮಿಷದಲ್ಲಿ ಕುಡಿದು ಮುಗಿಸುತ್ತೇವೆ. ನಾರು ಜರಡಿಯಲ್ಲೇ ಉಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2015ರ ಮಾರ್ಗಸೂಚಿಯಲ್ಲಿ ಹಣ್ಣಿನ ರಸದ ಸಕ್ಕರೆಯನ್ನು ಜೇನುತುಪ್ಪ, ಬೆರೆಸಿದ ಸಕ್ಕರೆಗಳ ಸಾಲಿಗೇ ಸೇರಿಸಿ, ಮಿತಿಗೊಳಿಸಬೇಕು ಎಂದಿದೆ. ಇಡೀ ಹಣ್ಣನ್ನು ಆ ಸಾಲಿಗೆ ಸೇರಿಸಿಲ್ಲ. ಬೆಲ್ಲ ಹಾಕಿದ ಬಾಳೆಹಣ್ಣಿನ ರಸಾಯನ ಹಬ್ಬಕ್ಕಿರಲಿ.

ಊಟದ ಜೊತೆ ತಿನ್ನಬೇಕೋ ನಡುವೆಯೋ ಎಂದು ಬಹಳ ಜನ ಕೇಳುತ್ತಾರೆ. ಆರೋಗ್ಯವಂತರಿಗೆ ಯಾವ ಹೊತ್ತಾದರೂ ಸರಿ. ಬಿಸ್ಕತ್ತು, ಬಜ್ಜಿಯ ನೆನಪಾಗುವ ಸಂಜೆ ನಾಲ್ಕು ಗಂಟೆಗೆ ಹಣ್ಣನ್ನಿಟ್ಟರೆ ಎರಡು ಲಾಭ ಎಂಬುದು ನಮ್ಮ ಅನುಭವ. ಅಮ್ಮ ಈಗ ಆ ಹೊತ್ತಿಗೆ ಒಂದು ಸೀಬೆ ತಿನ್ನುತ್ತಾರೆ. ರಾತ್ರಿಗೆ ಒಂದು ಸಣ್ಣ ಮುದ್ದೆ, ಬಟ್ಟಲು ತುಂಬ ಸೊಪ್ಪಿನ ಪಲ್ಯ. ಸಕ್ಕರೆಯ ಮಟ್ಟ ಇಳಿಯಿತು. ಮಾತ್ರೆಯೂ ಇತ್ತು, ಬೆಳಗಿನ ನಡಿಗೆಯೂ ಇತ್ತು, ಆದ್ದರಿಂದ ಎಲ್ಲ ಶ್ರೇಯವನ್ನೂ ಸೊಪ್ಪಿಗೇ ಕೊಡಲಾರೆ. ಮಾವಿನ ಕಾಲದಲ್ಲಿ ಎರಡು ಹೋಳು ತಿನ್ನುತ್ತಾರೆ, ಆ ದಿನ ಸೀಬೆ ಇಲ್ಲ. ಅವರಿಗೆ ಮಾವನ್ನು ಪೂರ್ತಿ ನಿಷೇಧಿಸುವ ಮನಸ್ಸು ನನಗೆ ಬರಲಿಲ್ಲ, ವೈದ್ಯರೂ ಅಷ್ಟಕ್ಕೆ ಒಪ್ಪಿದರು.

ಎಚ್ಚರ ಬೇಕಾದವರು

ಮೂತ್ರಪಿಂಡದ ಕಾಯಿಲೆ ಇರುವವರು ಈ ಅಳತೆಗಳನ್ನು ಹಾಗೆಯೇ ಪಾಲಿಸಬಾರದು. ಸೊಪ್ಪು, ಬಾಳೆಹಣ್ಣು, ಎಳನೀರಿನ ಪೊಟ್ಯಾಸಿಯಂ ಅವರಲ್ಲಿ ಹೃದಯದ ಬಡಿತಕ್ಕೇ ಅಪಾಯ ತರಬಹುದು. ಅವರಿಗೆ ಬೇಯಿಸಿದ ನೀರನ್ನು ಚೆಲ್ಲಿ ಎಂದೇ ಹೇಳುವುದುಂಟು, ಬಸ್ಸಾರು ಸಲ್ಲದು. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ಸೊಪ್ಪನ್ನು ಇದ್ದಕ್ಕಿದ್ದಂತೆ ಹೆಚ್ಚಿಸಬಾರದು, ಸೊಪ್ಪಿನ 'ಕೆ' ಜೀವಸತ್ವ ಆ ಮಾತ್ರೆಗೆ ಎದುರಾಗಿ ಕೆಲಸ ಮಾಡುತ್ತದೆ. ಮೂತ್ರಪಿಂಡದಲ್ಲಿ ಆಕ್ಸಲೇಟ್ ಕಲ್ಲಿನ ತೊಂದರೆ ಆದವರಿಗೆ ಪಾಲಕ್ ಮಿತಿಯಲ್ಲಿರಲಿ. ಈ ಮೂವರೂ ಮೊದಲು ತಮ್ಮ ವೈದ್ಯರನ್ನು ಕೇಳಲಿ.

ಉಳಿದವರೂ 130 ಗ್ರಾಂನಿಂದ 400ಕ್ಕೆ ಒಂದೇ ದಿನ ಹಾರಬೇಡಿ, ಹೊಟ್ಟೆ ಉಬ್ಬರಿಸುತ್ತದೆ. ವಾರಕ್ಕೆ 50 ಗ್ರಾಂನಂತೆ ಏರಿಸಿ, ಜೊತೆಗೆ ನೀರನ್ನೂ ಹೆಚ್ಚಿಸಿ.

ಮತ್ತೆ ತಕ್ಕಡಿ

ಎರಡು ತಿಂಗಳಾದ ಮೇಲೆ ಮತ್ತೆ ಮೂರು ದಿನ ತೂಗಿ. ನಮ್ಮದು ತಲೆಗೆ 350 ಗ್ರಾಂ ಬಂತು. ಅಕ್ಕಿಯ ಖರ್ಚು ತಿಂಗಳಿಗೆ ನಾಲ್ಕು ಕಿಲೋ ಇಳಿದಿತ್ತು. ಚೀಟಿ ನೋಡಿದರೆ ಕೊರತೆ ಎಲ್ಲಿ ಎಂಬುದೂ ಗೊತ್ತಾಯಿತು: ಸಂಜೆಯ 50 ಗ್ರಾಂ ಬಹುತೇಕ ದಿನ ತಪ್ಪುತ್ತಿತ್ತು, ಕಚೇರಿಯಿಂದ ಬಂದವರಿಗೆ ಸೌತೆಕಾಯಿ ಹೆಚ್ಚುವ ತಾಳ್ಮೆ ಇರುತ್ತಿರಲಿಲ್ಲ. ಈಗ ಅಮ್ಮ ಮೂರೂವರೆಗೇ ಗಜ್ಜರಿಯನ್ನು ಉದ್ದುದ್ದ ಸೀಳಿ, ಒಂದು ಲೋಟ ನೀರಿನಲ್ಲಿ ನಿಲ್ಲಿಸಿ, ಬಾಗಿಲು ತೆರೆದ ಕೂಡಲೇ ಕಣ್ಣಿಗೆ ಬೀಳುವಂತೆ ಊಟದ ಮೇಜಿನ ಮೇಲೆ ಇಟ್ಟಿರುತ್ತಾರೆ.